ಗಾಡಿಯ ಕೀಲಿ ಒಪ್ಪಿಸುವಾಗ

ತಗೋ ರಾಯೇನ್, ಕೀಲಿ.
ಎರಡನೇ ಗೇರು ಮೊಂಡು, ಬೈದರೆ ಬೀಳುತ್ತದೆ.
ಪಾಟಗೋನಿಯಾದ ಗಾಳಿ ಬಾಗಿಲನ್ನೇ ಕಿತ್ತೊಯ್ದೀತು,
ಪುಸ್ತಕ ಕೊಡುವಾಗ ಗಾಡಿಯ ಮೂತಿ ಪಡುವಣಕ್ಕಿರಲಿ.

ಬೇರೆ ಕಪಾಟುಗಳ ಚಿಂತೆ ಬಿಡು.
ಕೃಷಿ, ಕಾನೂನು, ಸಂತರ ಚರಿತ್ರೆ
ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ,
ಯಾರೂ ಮುಟ್ಟುವುದಿಲ್ಲ.
ಸವೆಯುವುದು ಎಡಗಡೆಯ ಕೆಳಸಾಲು, ನಾಯಿಗಳದ್ದು.
ಬೆನ್ನು ಬಿಚ್ಚಿವೆ, ಹಾಳೆಗೆ ಕುರಿಕೊಬ್ಬಿನ ಜಿಡ್ಡು,
ಒಂದರ ಮೂಲೆಯನ್ನು ನಿಜವಾದ ನಾಯಿಯೇ ಕಡಿದಿದೆ.
ದಂಡ ಹಾಕಲಿಲ್ಲ. ಅದೂ ಓದುಗನೇ.
ಲೋಕ ಮೂಗೆಳೆಯುವ ನಾಯಿಪಾಡೇ
ಈ ಬಯಲಿನಲ್ಲಿ ಹಾಡು.

ಮೊದಲ ಬೇಲಿಯಲ್ಲಿ ಐಲಿನ್, ಆರು ವರ್ಷ, ಮುಂದಿನ ಹಲ್ಲಿಲ್ಲ.
ಅವಳಿಗೆ ಕುರಿಗೆ ಹೆದರುವ ನಾಯಿಯ ಕಥೆ.
ಕೋಳಿಗೂಡಿನಲ್ಲಿ ಅಡಗಿ ಮಲಗುವ ಅದನ್ನು
ಕುರಿಗಳೇ ಅಯ್ಯೋ ಪಾಪ ಎಂದು
ಸಂಜೆ ನಡುವೆ ಹಾಕಿಕೊಂಡು ಮನೆಗೆ ಅಟ್ಟಿಕೊಂಡು ಬರುತ್ತವೆ.
ಅವಳಿಗೆ ಬಾಯಿಪಾಠ. ಒಂದು ಸಾಲು ಹಾರಿಸಿ ನೋಡು,
ಸಿಕ್ಕಿಬೀಳುತ್ತೀ.

ಅವಳಣ್ಣ ಇಸ್ಮಾಯೆಲ್‌ಗೆ ಹದಿನೈದು.
ನಾಯಿ ಕಥೆ ಚಿಲ್ಟಾರಿಗಳಿಗೆ ಅನ್ನುತ್ತಾನೆ,
ಮೋಟಾರ್ ಸೈಕಲ್ಲಿನ ಪುಸ್ತಕ ಹಿಡಿದು ನಿಂತು
ಓರೆಗಣ್ಣಿನಲ್ಲಿ ಕೆಳಸಾಲು ನೋಡುತ್ತಾನೆ.
ನಾಯಿಯೇ ತನ್ನ ಬಾಯಲ್ಲಿ ಹೇಳಿಕೊಂಡ ಕಥೆ ಇದೆಯಲ್ಲ,
ಮೊದಲಿನಿಂದ ಕೊನೆಯವರೆಗೂ ಸುಳ್ಳು,
ಹಿಡಿಯದ ಮೊಲ ಮೂರು, ಕಾಣದ ಹುಲಿಬೆಕ್ಕು ಒಂದು,
ಅದನ್ನು ಮೋಟಾರ್ ಪುಸ್ತಕದೊಳಗೆ ಇಟ್ಟು ಕೊಡು.
ಸುಳ್ಳು ಹೇಳುವ ವಯಸ್ಸಿಗೆ
ಸುಳ್ಳು ಹೇಳುವ ನಾಯಿ.

ಎಲ್ಲರೂ ಕೇಳುವುದು ಒಂದೇ:
ಕೊನೆಗೆ ನಾಯಿ ಸಾಯುತ್ತದಾ?
ಕೊನೆಯ ಪುಟದ ಬುಡ ನೋಡು.
ಪೆನ್ಸಿಲಿನಲ್ಲಿ ಎಲುಬಿನ ಗುರುತಿದ್ದರೆ ಬದುಕಿದೆ.
ಗುರುತಿಲ್ಲವೋ, ಇದ್ದದ್ದು ಹೇಳಿಬಿಡು.
ಎಂಬತ್ತು ದಾಟಿದ ಎಲುನೆಡ್ ಅಜ್ಜಿಗೆ
ದೀಪಸ್ತಂಭದ ನಾಯಿ ಬದುಕುತ್ತದೆ ಅಂದಿದ್ದೆ ಒಮ್ಮೆ.
ಮೂರು ತಿಂಗಳು ಮಾತು ಬಿಟ್ಟಳು.
ಪುಸ್ತಕ ಒಯ್ಯುವುದು ಮಾತ್ರ ಬಿಡಲಿಲ್ಲ.

ಕೊನೆಯ ಬೇಲಿ ದೊನ್ ಕ್ರಿಸಾಂತೊನದು.
ಓದು ಬಾರದು. ಬಾಗಿಲಿಗೆ ಒರಗಿ ನಾನು ಓದುತ್ತೇನೆ,
ಕೇಳಿಯಾದ ಮೇಲೂ ಪುಸ್ತಕ ಒಯ್ಯುತ್ತಾನೆ,
ಮುಂದಿನ ತಿಂಗಳು ಮಡಿಬಟ್ಟೆಯಂತೆ ಹಿಂದೆ ತರುತ್ತಾನೆ.
ಒಂದು ದಿನ ಅಂದ,
‘ಇದರಲ್ಲೆಲ್ಲ ಕಾಯುವುದು ನಾಯಿ, ಬಾರದವನು ಯಜಮಾನ.
ಯಜಮಾನ ಕಾಯುವ ಪುಸ್ತಕ ಇಲ್ಲವಾ?’

ಹನ್ನೊಂದು ವರ್ಷ ಹುಡುಕಿದೆ.
ರಾಜಧಾನಿಗೆ ಬರೆದೆ. ಪಶುವೈದ್ಯದ ಕೈಪಿಡಿ ಬಂತು.

ಆಮೇಲೆ ಅವನೇ, ಕಹಿಸೊಪ್ಪಿನ ಕಷಾಯದ ಬುರುಡೆ ನನ್ನ ಕೈಗೆ ದಾಟಿಸಿ,
ಹೇಳಿದ. ಒಂದು ಜುಲೈ ತಿಂಗಳ ಹಿಮದಲ್ಲಿ
ಮುನ್ನೂರು ಕುರಿಗಳ ಹಿಂದೆ ಪಿಲ್ಚಾ ಹೋಯಿತು.
ಕುರಿಗಳು ಬಂದವು.
ಅಂದಿನಿಂದ ಗೇಟಿಗೆ ಅಗಳಿ ಹಾಕಿಲ್ಲ,
ರಾತ್ರಿಯಿಡೀ ಬಡಿದುಕೊಳ್ಳುತ್ತದೆ ಅದು ಗಾಳಿಗೆ.
ಒಂದೊಂದು ಸಲ ಒಂದೊಂದು ತರ ಹೇಳುತ್ತಾನೆ,
ಪಿಲ್ಚಾ ಒಮ್ಮೆ ಕೆಂಚು, ಒಮ್ಮೆ ಕರಿ.
ತಿದ್ದಬೇಡ. ಬುರುಡೆ ಖಾಲಿ ಮಾಡಿ ಹಿಂದೆ ಕೊಡು,
ಇನ್ನೊಮ್ಮೆ ತುಂಬುತ್ತಾನೆ, ಇನ್ನೊಮ್ಮೆ ಹೇಳುತ್ತಾನೆ.
ನಾನದನ್ನು ಬರೆದಿಟ್ಟಿಲ್ಲ.
ಕೆಳಸಾಲಿನಲ್ಲಿ ಬೆರಳಗಲ ಜಾಗ ಬಿಟ್ಟಿದ್ದೇನೆ,
ಬೇರೆ ಪುಸ್ತಕ ತುರುಕಬೇಡ ಅಲ್ಲಿ.

ಹಾಂ, ಇನ್ನೊಂದು.
ಹೋದ ತಿಂಗಳಿನಿಂದ ಆ ಗೇಟಿನಲ್ಲಿ ಮರಿಯೊಂದಿದೆ,
ಒಂದು ಕಿವಿ ಮಡಚಿದ್ದು, ಎಲ್ಲಿಂದ ಬಂತೋ.
ಹೆಸರೇನು ಎಂದು ಕೇಳೀಯೆ! ಇನ್ನೂ ಇಟ್ಟಿಲ್ಲ ಅವನು.
ಗಾಡಿಯೊಳಗೇ ನುಗ್ಗುತ್ತದೆ, ಹಲ್ಲು ಮೂಡುವ ಕಾಲ,
ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ.
ಕಾನೂನಿನ ಪುಸ್ತಕವೊಂದನ್ನು
ಮುಂದಿನ ಸೀಟಿನ ಮೇಲೆ ಇಟ್ಟಿದ್ದೇನೆ.