ಪರಖಿ

ಕಲಬುರಗಿಯ ಮೇ ತಿಂಗಳು, ಹೊರಗೆ ನಲವತ್ಮೂರು ಡಿಗ್ರಿ.
ಲ್ಯಾಬಿನ ಕೂಲರಿಗೆ ಎರಡು ಕೊಡ ನೀರು ಸುರಿದು ಬಂದು
ಭಂಡಾರದ ಬಾಗಿಲಲ್ಲಿ ಕೂತಿದ್ದೇನೆ:
ಸಾವಿರದ ಚಿಲ್ಲರೆ ಲೆಕ್ಕಗಳು,
ಯಾರ್ಯಾರೋ ಎಂದೋ ಕಟ್ಟಿಟ್ಟವು,
ಒಂದೊಂದಕ್ಕೂ ಐದಾರಕ್ಷರದ ಮೊಂಡು ಹೆಸರು.

ಹೆಸರು ಗೊತ್ತಿಲ್ಲದವಳು ಗುಣ ಹೇಳಿ ಕರೆಯಬೇಕು.
ಎಷ್ಟು ಚರಾಕ್ಷರ? ನಿರ್ಬಂಧ ಇದೆಯೋ ಇಲ್ಲವೋ?
ಮೈ ನುಣುಪೋ, ಎಲ್ಲಾದರೂ ಮುರಿದಿದೆಯೋ?
ಹುಟ್ಟಿದ್ದು ಪಾಠಕ್ಕೋ, ಯಾವುದೋ ಕಾರ್ಖಾನೆಯ ಕುಲುಮೆಯಲ್ಲೋ?
ತಳ ಎಲ್ಲಿದೆಯೆಂದು ಮೊದಲೇ ಬಲ್ಲವರಿದ್ದಾರೋ?

ನನ್ನ ವಿಧಾನಕ್ಕೆ ಈಗ ಎರಡು ವರ್ಷ ಒಂಬತ್ತು ತಿಂಗಳು.
ಅದರ ಚಾಳಿ ನನಗೆ ಗೊತ್ತು.
ಬೋಗುಣಿಯಂಥ ಕಣಿವೆ ಕೊಟ್ಟರೆ
ಗೋಲಿ ಉರುಳಿದ ಹಾಗೆ ತಳ ಸೇರುತ್ತದೆ.
ಬಾಗಿದ, ಸಪಾಟಾದ, ಉದ್ದನೆ ಓಣಿ ಕೊಟ್ಟರೆ
ಈ ಗೋಡೆಗೆ ಹಾಯ್ದು ಆ ಗೋಡೆಗೆ ಹಾಯ್ದು
ಕುಡಿದವನ ಹಾಗೆ ಸಂಜೆ ಮಾಡುತ್ತದೆ.

ಆದ್ದರಿಂದ ಬೆರಳು ತಾನಾಗಿ ಒತ್ತಿತು:
ಪೀನ ಮಾತ್ರ. ನುಣುಪು ಮಾತ್ರ. ಹತ್ತರೊಳಗೆ ಚರಾಕ್ಷರ.
ಸಿಕ್ಕವು ಮೂವತ್ತೆಂಟು. ಮೂವತ್ತೆಂಟರಲ್ಲೂ ಗೆದ್ದೆ.
ಖಮರುನ್ನಿಸಾ ಮೇಡಂ ಪಟ್ಟಿ ನೋಡಿ ಕನ್ನಡಕ ತೆಗೆದರು,
ಒರೆಸಿದರು, ಮತ್ತೆ ಹಾಕಿಕೊಂಡರು. ಏನೂ ಅನ್ನಲಿಲ್ಲ.

ಜಗದೇವಿ ಚಿಕ್ಕಮ್ಮ ಗಂಜ್‌ನಲ್ಲಿ ತೊಗರಿ ಹಸನು ಮಾಡುವವಳು.
ಬುತ್ತಿ ತಂದವಳು ಕೇಳಿದಳು,
"ಏನ್ ಹುಡಕ್ಲತ್ತೀ ಮುಂಜಾನಿಂದ?"
ಹೇಳಿದೆ, ನನಗೆ ಹೇಳಲು ಬಂದಷ್ಟು.
"ಅಂದ್ರ ಚೀಲದ ಬಾಯಾಗ ನೀನೇ ಛಲೋ ಕಾಳು ಸುರುವಿ,
ನೀನೇ ಮ್ಯಾಲಿಂದ ಒಂದು ಹಿಡಿ ತಗದು,
ಮಾಲು ಛಲೋ ಅದ ಅಂದಂಗಾತು."
ರೊಟ್ಟಿ ಮುರಿದಳು.
"ಖರೀದಿ ಮಾಡಾವ ಹಂಗ ನೋಡಂಗಿಲ್ಲವ್ವಾ.
ಪರಖಿ ಚುಚ್ತಾನ. ಹೊಟ್ಟಿಗೆ."

ಗೇಣುದ್ದ, ಚೂಪು ಮೂತಿ, ಬೆನ್ನು ಸೀಳಿದ ಕಬ್ಬಿಣ;
ಗೋಣಿಯ ನೂಲು ಹರಿಯದ ಹಾಗೆ ಸರಿಸಿ ಒಳಹೋಗಿ
ನಡುವಿನ ಕತ್ತಲನ್ನೇ ಒಂದು ಹಿಡಿ ತರುತ್ತದೆ.
ನುಸಿ, ಹರಳು, ಹಸಿ ಕಾಳು,
ಅಂಗೈ ಮೇಲೆ ಎಲ್ಲಕ್ಕೂ ಒಂದೇ ಬಿಸಿಲು.

ಅವಳು ಹೋದಮೇಲೆ ಗುಣಗಳ ಪಟ್ಟಿಗೆ ಮರಳಿದೆ.
ಪೀನದ ಗುರುತು ತೆಗೆದೆ. ನುಣುಪಿನದೂ.
ಚರಾಕ್ಷರದ ಮಿತಿಯನ್ನು ಐನೂರಕ್ಕೆ ಎಳೆದೆ,
ಕೈ ಸ್ವಲ್ಪ ಹಿಂಜರಿಯಿತು,
ಐದು ಸಾವಿರಕ್ಕೆ ಎಳೆದೆ.
ಬಂದವು ಆರುನೂರ ಹನ್ನೆರಡು. ಚೀಟಿ ಎತ್ತಲು
ಯಂತ್ರಕ್ಕೇ ಬಿಟ್ಟೆ: ನಲವತ್ತು.

ಹದಿನೇಳರಲ್ಲಿ ತಳ ಕಂಡಿತು.
ಒಂಬತ್ತರಲ್ಲಿ ಯಾವುದೋ ನಡುಗುಂಡಿಯನ್ನೇ
ತಳವೆಂದು ನಂಬಿ ಕೂತುಬಿಟ್ಟಿತು.
ಉಳಿದ ಹದಿನಾಲ್ಕು ಇನ್ನೂ ಓಡುತ್ತಿವೆ,
ಅದರಲ್ಲೊಂದು ಯಾರದೋ ಸಿಮೆಂಟು ಗೂಡಿನಿಂದ ಬಂದದ್ದು,
ಹನ್ನೊಂದೇ ಚರಾಕ್ಷರ; ಉತ್ತರದ ಜಾಗದಲ್ಲಿ
"ಈವರೆಗೆ ಕಂಡದ್ದು ಇಷ್ಟು" ಎಂದಷ್ಟೇ ಇದೆ.

ಕೂಲರಿನ ನೀರು ಮುಗಿದು ಬರಿ ಬಿಸಿಗಾಳಿ.
ಮೇಡಂ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತರು,
ಪರದೆಯನ್ನು ದೂರದಿಂದಲೇ ಓದಿದರು.
"ಬಿಡ್ರಿ, ಓಡ್ಲಿ" ಅಂದು
ದೀಪವನ್ನಷ್ಟೇ ಆರಿಸಿದರು.