ಗೇಣು

ಸರ್ಕಾರ ನನಗೆ ಕೊಟ್ಟದ್ದು ಒಂದು ಹಳೆಯ ಜೀಪು,
ಒಂದು ಅಳತೆಕೋಲು, ನೆವಾಡಾದ ಉತ್ತರದ ಅಂಚಿನಲ್ಲಿ
ನಲವತ್ತು ಸಾವಿರ ಎಕರೆ ಗಾಳಿ.
ಕಾಗದದಲ್ಲಿ ಅದು ವನ್ಯಜೀವಿಧಾಮ.
ಗ್ರಾಶಿಯಾನ್ ಉರ್ರುಟಿಗೆ ಇನ್ನೂ ಗೋಮಾಳ;
ಅವನಜ್ಜ ಬಾಸ್ಕ್ ಬೆಟ್ಟಗಳಿಂದ ಬಂದು
ಬೇಲಿಯಿಲ್ಲದ ಕಾಲದಲ್ಲಿ ಕುರಿ ಮೇಯಿಸಿದ ಬಯಲು.

ಪರವಾನಗಿ: ನೂರ ಮೂವತ್ತು ಹಸು, ಜೊತೆಗೆ ಕರು,
ಜೂನ್ ಒಂದರಿಂದ ಜುಲೈ ಕೊನೆಯತನಕ.
ಷರತ್ತು: ತೊರೆಯಂಚಿನ ಹುಲ್ಲು ಗೇಣುದ್ದ ಉಳಿಯಬೇಕು.
ಇಲಾಖೆ ಇಂಚಿನಲ್ಲಿ ಬರೆಯುತ್ತದೆ.
ನಾನದನ್ನು ಗೇಣಿಗೆ ಇಳಿಸಿಕೊಂಡಿದ್ದೇನೆ,
ಕೋಲು ಮರೆತ ದಿನ ಕೈಯಾದರೂ ಇರುತ್ತದಲ್ಲ.
ದನ ಈ ವರ್ಷ ಬಿಟ್ಟ ಹುಲ್ಲೇ
ಬರುವ ವಸಂತಕ್ಕೆ ಸೇಜ್‌ಕೋಳಿಯ ಗೋಡೆ, ಮಾಡು,
ಏಳೆಂಟು ಮೊಟ್ಟೆಗಳ ಮರೆ.

ಆ ವರ್ಷ ಹಿಮ ಕಡಿಮೆ.
ಜುಲೈ ಒಂಬತ್ತಕ್ಕೆ ಐವತ್ತು ಕಡೆ ಕೋಲು ಊರಿದೆ,
ನಲವತ್ತೊಂದು ಕಡೆ ಬರೀ ಚೋಟು.
ಎರಡು ಸಲ ಎಣಿಸಿ ಪತ್ರ ಟೈಪು ಮಾಡಿದೆ:
ಏಳು ದಿನದೊಳಗೆ ಮಂದೆ ಹೊರಗೆ.

ಕುದುರೆಯ ಮೇಲೆ ಬಂದ, ಪತ್ರ ಟೋಪಿಯೊಳಗೆ.
ಬೈಯಲಿಲ್ಲ. ಇಳಿದು, ಮಂಡಿಯೂರಿ
ಹುಲ್ಲಿನ ಬುಡಕ್ಕೆ ಬಲಗೈ ಹಚ್ಚಿದ.
ಹೆಬ್ಬೆರಳಿಲ್ಲದ ಕೈ.
ಹತ್ತೊಂಬತ್ತರ ಹರೆಯದಲ್ಲಿ
ಜೀನಿನ ಕೊಂಬಿಗೆ ಹಗ್ಗ ಸುತ್ತುವಾಗ ಹೋರಿ ಜಗ್ಗಿತ್ತಂತೆ.
'ನನ್ನ ಗೇಣಿಗೆ ಬೇಕಾದಷ್ಟಿದೆ' ಅಂದ.
ನಗಬೇಕೋ ಬೇಡವೋ ತಿಳಿಯದೆ
ನಾನು ತೊರೆ ನೋಡಿದೆ. ಅವನೂ ನೋಡಿದ.
ನೀರೂ ಅಷ್ಟೇನಿರಲಿಲ್ಲ.

ಆರನೆಯ ದಿನ ಮಂದೆ ಹೊರಟಿತು, ಧೂಳಿನ ಹಿಂದೆ
ತಾಯಿ ತಪ್ಪಿದ ಒಂದು ಕರುವಿನ ಕೂಗು.
ಒಣಮೇವಿಗೆ ಎಷ್ಟು ತೆತ್ತನೋ, ಕೇಳಲಿಲ್ಲ.
ಕೇಳಬಹುದಿತ್ತು.

ಎರಡು ವರ್ಷ ಆ ಬಯಲಿಗೆ ಗೇಟು ಹಾಕಿದೆವು.
ಹುಲ್ಲು ಬೆಳೆಯಿತು, ಒಣಗಿತು, ಮಲಗಿತು,
ಹಳೆಯದರ ಮೇಲೆ ಹೊಸದು, ಕಂಬಳಿಯ ಮೇಲೆ ಕಂಬಳಿ.
ಮರಿ ತಿನ್ನುವ ಎಳೆಸೊಪ್ಪಿಗೆ ಬೆಳಕಿಲ್ಲ.
ಗೇಣಲ್ಲ, ಮೊಳ.
ಆ ಮೊಳದೊಳಗೆ ಒಂದು ಮರಿಯೂ ಕಾಣಲಿಲ್ಲ.
ಇದನ್ನೂ ವರದಿಯಲ್ಲಿ ಬರೆದೆ,
ಅಕ್ಷರ ಸ್ವಲ್ಪ ಸಣ್ಣದಾಗಿ ಬಂತು.

ಫೋನು ಮಾಡಿದೆ:
ಅರವತ್ತು ಹಸು, ಸೆಪ್ಟೆಂಬರಿನಲ್ಲಿ ಹನ್ನೆರಡೇ ದಿನ.
ಅತ್ತ ಬಹಳ ಹೊತ್ತು ನಾಯಿ ಬೊಗಳಿದ್ದಷ್ಟೇ ಕೇಳಿಸಿತು.
ಆಮೇಲೆ, 'ಯಾರ ಗೇಣಿನ ತನಕ?'

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡಬಹುದು.
ನಮ್ಮ ಬೇಲಿ ಮೇಯುವುದಿಲ್ಲ. ನಿಂತಲ್ಲೇ ನಿಂತು,
ನಸುಕಿನಲ್ಲಿ ಕುಣಿಯಲೆಂದು ತಗ್ಗಾಗಿ ಹಾರಿಬರುವ
ಹುಂಜದ ಎದೆ ಸೀಳುತ್ತದೆ.
ಹಕ್ಕಿಗೆ ಕಾಣಲೆಂದು ಮಾರ್ಚಿಯಲ್ಲಿ ಮುಳ್ಳುತಂತಿಗೆ
ಬಿಳಿಯ ಪಟ್ಟಿ ಸಿಕ್ಕಿಸುತ್ತ ಹೋದೆವು, ಆಚೆ ಅವನು, ಈಚೆ ನಾನು.
ನಾನು ಮೂರು ಸಿಕ್ಕಿಸುವಷ್ಟರಲ್ಲಿ ಅವನದು ಐದು,
ತೋರುಬೆರಳಿಗೂ ನಡುಬೆರಳಿಗೂ ನಡುವೆ.

ಮೂಲೆಯ ಕಂಬದ ಹತ್ತಿರ ಹೋದ ವರ್ಷದ ಒಂದು ಗರಿ
ತಂತಿಯ ತಿರುವಿನಲ್ಲಿ ಸಿಕ್ಕಿತ್ತು.
ಅದನ್ನು ಮುರಿಯದೆ ಬಿಡಿಸಲು
ಅವನಿಗೆ ಬಹಳ ಹೊತ್ತು ಹಿಡಿಯಿತು.