ಏಳನ್ನು ಎಲ್ಲಿ ಬರೆಯಲಿ

ಮೊದಲ ಸೇತುವೆಯ ಬಗ್ಗೆ ಗೊತ್ತಿರುವುದು ಇಷ್ಟೇ:
ಐದು ಕಮಾನು, ಸುಣ್ಣದ ಗಾರೆ,
ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ.
ಬೆಲ್ಲ ಕದ್ದು ತಿಂದ ಹುಡುಗರಿಗೆ
ಓವರಸಿಯರ ನಾಲ್ಕು ನಾಲ್ಕು ಛಡಿ ಏಟು ಕೊಟ್ಟನಂತೆ.
ಅದು ಬಿದ್ದ ದಿನ ಊರು ಆ ಹುಡುಗರ ಹೆಸರು ಹಿಡಿದು ಬೈಯಿತು.
ಅಷ್ಟರಲ್ಲಿ ಅವರೆಲ್ಲ ಮುದುಕರಾಗಿದ್ದರು,
ಹಲ್ಲಿರಲಿಲ್ಲ.

ಎರಡನೆಯದು, ನಾವು ಮುಂಬಯಿ ಬಿಟ್ಟು ಮೈಸೂರು ಸೇರಿದ ಮೇಲಿನದು.
ತಗ್ಗಿನ ಸೇತುವೆ. ಮಳೆಗಾಲಕ್ಕೆ ಮುಳುಗುವುದೂ
ಅದರ ಕೆಲಸವೇ ಎಂಬಂತೆ ಕಟ್ಟಿದ್ದರು.
ಅದರ ನಾಲ್ಕನೇ ಕಂಬದ ಮೇಲೆ, ಮಿರಗ ಕೂಡುವುದರೊಳಗೆ,
ವರ್ಷಕ್ಕೊಮ್ಮೆ ನನ್ನಪ್ಪ ಮರ್ದಾನಸಾಬ
ಅಂಕಿ ಬರೆಯುತ್ತಿದ್ದ.

ನಾನು ನಿಚ್ಚಣಿಕೆ ಹಿಡಿಯುವವಳು.
ಒಂದರಿಂದ ನಾಲ್ಕು ಕರಿ, ಐದು ಮತ್ತು ಆರು ಕೆಂಪು.
ಅಪ್ಪ ಕಲಿತದ್ದು ಎರಡು ಇಯತ್ತೆ;
ಅವನ ೨ ಮಾತ್ರ ಕೊಕ್ಕರೆಯಂತೆ ಕುತ್ತಿಗೆ ಬಾಗಿಸಿ
ವರದೆಯನ್ನು ನೋಡುತ್ತಿತ್ತು.
ಆರರ ಮೇಲೆ ಕಂಬವಿಲ್ಲ, ರಸ್ತೆ.
ಒಂದು ವರ್ಷ ಸಾಹೇಬರು ಏಳೂ ಬರಿ ಎಂದರು.
‘ಎಲ್ಲಿ ಬರೀಲಿ ಸಾಹೇಬ್ರ, ಗಾಳಿ ಮ್ಯಾಲ?’
ಎಲ್ಲರೂ ನಕ್ಕರು. ನಾನೂ.

ಮಳೆ ಹಿಡಿದರೆ ಊರಲ್ಲಿ ಒಂದೇ ಪ್ರಶ್ನೆ: ‘ಎಷ್ಟಕ್ಕೈತಿ?’
ಹಿಟ್ಟಿನ ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ,
ಸವಣೂರಿನ ಎಲೆ ಪೆಂಡಿ ಇಳಿಸುವವರ ಬಾಯಲ್ಲಿ.
ಆ ಆಗಸ್ಟಿನಲ್ಲಿ ಮಧ್ಯಾಹ್ನ ಮೂರು ಹೋಯಿತು,
ಅಸರ್ ಬಾಂಗಿಗೆ ನಾಲ್ಕು,
ದೀಪ ಹಚ್ಚುವಾಗ ಕೆಂಪು ಎರಡೂ.
ಆಮೇಲೆ ಕೇಳಲು ಅಂಕಿ ಉಳಿಯಲಿಲ್ಲ.
ರಾತ್ರಿ, ಹೊಟ್ಟೆಯೊಳಗೆ ಬೀಸುಕಲ್ಲು ಉರುಳಿದಂಥ ಸದ್ದು.
ಬೆಳಿಗ್ಗೆ ನಡುವಿನ ಮೂರು ಅಂಕಣ ಇರಲಿಲ್ಲ.
ಮುರಿದ ತುದಿಯಲ್ಲಿ ಯಾರದೋ ಸೈಕಲ್,
ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು, ನಿಂತೇ ಇತ್ತು.

ನೀರು ಇಳಿದು ಮನೆಗೆ ಬಂದೆವು.
ಅಡುಗೆಮನೆ ಗೋಡೆಗೆ ಎದೆಯೆತ್ತರ ಕೆಸರಿನ ಗೆರೆ.
ಅಪ್ಪ ಯಾರಿಗೂ ಏನೂ ಹೇಳಲಿಲ್ಲ,
ಒಣಗಿದ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ
ಗೆರೆಯ ಪಕ್ಕ ಬರೆದ: ೭.
ಕೆಂಪು ಬಣ್ಣ ಅಷ್ಟೇ ಉಳಿದಿತ್ತು.

ಹದಿನೆಂಟು ತಿಂಗಳು ಹೈಸ್ಕೂಲಿನ ಹುಡುಗಿಯರು
ಅಂಬಿಗರ ಗುತ್ತೆಪ್ಪನ ಹರಿಗೋಲಿನಲ್ಲಿ ದಾಟಿದರು.
ಮೀನಿಗೆಂದು ಇಟ್ಟುಕೊಂಡದ್ದು; ಹೊಸದಾಗಿ ಡಾಂಬರು ಬಳಿದ.
ಸೇತುವೆ ಬಂದಾಗ ಅವನಜ್ಜ ಕೆಲಸ ಕಳೆದುಕೊಂಡಿದ್ದ,
ಸೇತುವೆ ಹೋದಾಗ ಮೊಮ್ಮಗನಿಗೆ ಸಿಕ್ಕಿತು.
‘ಬಡ್ಡಿ ಕೊಟ್ಟಿಲ್ಲ ಹೊಳಿ, ಅಸಲಷ್ಟ ಕೊಟ್ಟೈತಿ,’ ಅನ್ನುತ್ತಿದ್ದ.

ಮೂರನೆಯದಕ್ಕೆ ಇಂಜಿನಿಯರು ಬಂದರು.
ಎಷ್ಟು ಎತ್ತರ ಕಟ್ಟಬೇಕೆಂದರೆ
ನೀರು ಎಷ್ಟು ಎತ್ತರ ಬಂದಿತ್ತೆಂದು ಬೇಕು.
ದಫ್ತರ ಇದ್ದ ಕಚೇರಿಯೇ ನೆನೆದಿತ್ತು,
ಪುಟಗಳು ಒಂದಕ್ಕೊಂದು ಅಂಟಿ ಹೋಳಿಗೆಯಾಗಿದ್ದವು.
ಯಾರೋ ನಮ್ಮ ಮನೆ ತೋರಿಸಿದರು.
ಮೂರು ಕಾಲಿನ ಯಂತ್ರ ಅಂಗಳದಲ್ಲಿ ನಿಂತಿತು.
ಒಡಿಶಾದ ಹುಡುಗನೊಬ್ಬ ಪಟ್ಟೆ ಕೋಲು ಹಿಡಿದು
ಒಲೆಯ ಪಕ್ಕ, ಹಿಟ್ಟಿನ ಡಬ್ಬಿ ಸರಿಸಿ ನಿಂತ.
ಚಪ್ಪಲಿ ಹೊರಗೇ ಬಿಟ್ಟಿದ್ದ.

‘ಏಳಲ್ಲ, ಏಳು ಹನ್ನೆರಡು,’ ಎಂದರು ಇಂಜಿನಿಯರು.
‘ಹನ್ನೆರಡು ಸೆಂಟಿಮೀಟರ್ ತಪ್ಪಿದೀರಿ.’
ಅಪ್ಪನಿಗೆ ಆಗಲೇ ಒಂದು ಕಣ್ಣು ಮಂಜು.
‘ಗೋಡಿ ಕುಂತೈತ್ರಿ,’ ಎಂದ. ‘ನಾ ಅಲ್ಲ.’

ಈಗಿನ ಸೇತುವೆ ಎತ್ತರದ್ದು.
ಬ್ಯಾಡಗಿಗೆ ಹೋಗುವ ಮೆಣಸಿನಕಾಯಿ ಲಾರಿಗಳು
ಕೆಳಗೆ ನೋಡದೆ ದಾಟುತ್ತವೆ; ಒಂದಿಷ್ಟು ಸೀನು ಮಾತ್ರ ಬಿಟ್ಟು.
ಕಂಬಕ್ಕೆ ಅಂಕಿ ಇಲ್ಲ. ಒಂದು ಡಬ್ಬಿ ಇದೆ,
ಅದು ನೀರಿನ ಮಟ್ಟವನ್ನು ಮೊದಲು ಬೆಂಗಳೂರಿಗೆ ಹೇಳುತ್ತದೆ.
ಅಪ್ಪ ಅದನ್ನು ನೋಡಲಿಲ್ಲ, ಕಂಬ ಏಳುವ ಮೊದಲೇ ಹೋದ.
ಏಪ್ರಿಲ್‌ನಲ್ಲಿ ಹೊಳೆ ಬತ್ತಿದಾಗ
ಹಳೆಯ ನಾಲ್ಕನೇ ಕಂಬದ ಮೋಟು ಕಾಣುತ್ತದೆ.
ಕೌದಿ ಒಗೆಯುವವರು ಅದರ ಮೇಲೆಯೇ ಬಡಿಯುತ್ತಾರೆ.
೨ ಇನ್ನೂ ಇದೆ. ಕುತ್ತಿಗೆ ಅಷ್ಟೇ.

ಈ ರಂಜಾನಿಗೆ ಮನೆಗೆ ಬಣ್ಣ.
ಬಳಿಯಲು ಬಂದ ಹುಡುಗ ಅಡುಗೆಮನೆಯಲ್ಲಿ ನಿಂತು
‘ಇದೇನಕ್ಕಾ, ಮನಿ ನಂಬರ?’ ಎಂದು ಕೇಳಿದ.
ಹೂಂ ಅಂದೆ,
ಅದರ ಸುತ್ತ ಬಿಟ್ಟು ಬಳಿ.